ಅಮೆರಿಕ–ಚೀನಾ: ವ್ಯಾಪಾರದಲ್ಲಿ ಕಾದಾಡುವವರು ಹವಾಮಾನದಲ್ಲಿ ಕೈಜೋಡಿಸಬಲ್ಲರೇ?

ಶಿಂಷಾ
ನಾನು ತುಮಕೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಕಳೆದ ವಾರ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದ ಪ್ರಶ್ನೆಗೆ ನಾನು ಕೊಟ್ಟ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಅದಕ್ಕಾಗಿಯೇ ಇಲ್ಲಿ ಬರೆಯುತ್ತಿದ್ದೇನೆ.

ಅವಳು ಕೇಳಿದ್ದು ಇಷ್ಟು: "2021ರ ನವೆಂಬರ್‌ನಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಅಮೆರಿಕ ಮತ್ತು ಚೀನಾ ಜಂಟಿ ಘೋಷಣೆ ಹೊರಡಿಸಿದವು. 2022ರ ಆಗಸ್ಟ್‌ನಲ್ಲಿ ಚೀನಾ ಹವಾಮಾನದ ಮಾತುಕತೆಯನ್ನೇ ನಿಲ್ಲಿಸಿತು. ಈ ಒಂಬತ್ತು ತಿಂಗಳಲ್ಲಿ ಹವಾಮಾನಕ್ಕೆ ಏನಾಯಿತು ಮೇಡಂ?" ಅಮೆರಿಕದ ಸಂಸತ್ತಿನ ಸ್ಪೀಕರ್ ಆಗಿದ್ದ ನ್ಯಾನ್ಸಿ ಪೆಲೋಸಿ, ಚೀನಾ ತನ್ನದೆಂದು ಹೇಳುವ ತೈವಾನಿಗೆ ಭೇಟಿ ಕೊಟ್ಟದ್ದೇ ಕಾರಣವೆಂದು ನಾನು ಹೇಳಿದೆ. ಆಕೆ ಕುಳಿತುಕೊಳ್ಳಲಿಲ್ಲ. "ತೈವಾನಿಗೂ ಇಂಗಾಲಕ್ಕೂ ಏನು ಸಂಬಂಧ?" ಎಂದಳು.

ಅಮೆರಿಕದ ಹವಾಮಾನ ಪ್ರತಿನಿಧಿ ಜಾನ್ ಕೆರಿ 2021ರ ಸೆಪ್ಟೆಂಬರ್‌ನಲ್ಲಿ ಟಿಯಾಂಜಿನ್‌ಗೆ ಹೋಗಿದ್ದಾಗ ಚೀನಾದ ವಿದೇಶಾಂಗ ಸಚಿವ ವಾಂಗ್ ಯಿ ಕೆರಿಯವರಿಗೆ ಹೇಳಿದ ಮಾತು ನನಗೆ ಆಮೇಲೆ ನೆನಪಾಯಿತು. ಹವಾಮಾನದ ಸಹಕಾರವನ್ನು ಓಯಸಿಸ್‌ನಂತೆ ಉಳಿಸಿಕೊಳ್ಳಲು ಅಮೆರಿಕ ಬಯಸುತ್ತದೆ, ಆದರೆ ಸುತ್ತಲೂ ಮರುಭೂಮಿಯೇ ಇದ್ದರೆ ಇಂದಲ್ಲ ನಾಳೆ ಓಯಸಿಸ್ ಕೂಡ ಮರಳಾಗುತ್ತದೆ ಎಂಬರ್ಥದ ಮಾತು ಅದು. ವಾಂಗ್ ಯಿ ಹೇಳಿದ್ದು ನಿಜವೇ, ಅಥವಾ ಅದು ಬರೀ ಚೌಕಾಸಿಯ ಮಾತೇ? ತಿಳಿದವರು ದಯವಿಟ್ಟು ಬರೆಯಿರಿ. ಮುಂದಿನ ವಾರ ಆ ಹುಡುಗಿಗೆ ಉತ್ತರ ಹೇಳಬೇಕು.

ಹಳೆಯ ಕಡತ
ಮೇಡಂ, ನಿಮ್ಮ ವಿದ್ಯಾರ್ಥಿನಿಯ ಪ್ರಶ್ನೆ ಸರಿಯಾಗಿದೆ, ಆದರೆ ಅದಕ್ಕೆ ಉತ್ತರ 2022ರಲ್ಲಿಲ್ಲ, 1972ರಲ್ಲಿದೆ. ಅಮೆರಿಕದ ಭದ್ರತಾ ಸಲಹೆಗಾರ ಕಿಸಿಂಜರ್ 1971ರ ಜುಲೈನಲ್ಲಿ ಪಾಕಿಸ್ತಾನದ ಮೂಲಕ ಗುಟ್ಟಾಗಿ ಬೀಜಿಂಗಿಗೆ ಹೋಗಿಬಂದ ಮೇಲೆ, ಮರುವರ್ಷದ ಫೆಬ್ರುವರಿಯಲ್ಲಿ ಅಧ್ಯಕ್ಷ ನಿಕ್ಸನ್ ಹೋದರು. ಆಗ ಹೊರಬಿದ್ದ ಶಾಂಘೈ ಪ್ರಕಟಣೆಯ ಬಹುಭಾಗ ಒಪ್ಪಂದವೇ ಅಲ್ಲ. ಒಂದು ಕಡೆ ಅಮೆರಿಕ ತನ್ನ ನಿಲುವು ಹೇಳಿತು, ಇನ್ನೊಂದು ಕಡೆ ಚೀನಾ ತನ್ನದನ್ನು ಹೇಳಿತು. ತೈವಾನಿನ ವಿಷಯವನ್ನು ಬಗೆಹರಿಸದೆ, ಇಬ್ಬರೂ ಸಹಿಸಬಹುದಾದ ಮಾತುಗಳಲ್ಲಿ ಬರೆದು ಪಕ್ಕಕ್ಕಿಟ್ಟರು. 1979ರ ಜನವರಿ 1ರಂದು ರಾಜತಾಂತ್ರಿಕ ಸಂಬಂಧ ಏರ್ಪಟ್ಟಿತು. ಅದೇ ತಿಂಗಳ ಕೊನೆಯಲ್ಲಿ ಚೀನಾದ ನಾಯಕ ಡೆಂಗ್ ಷಿಯಾವೊಪಿಂಗ್ ಮತ್ತು ಅಮೆರಿಕದ ಅಧ್ಯಕ್ಷ ಕಾರ್ಟರ್ ವಿಜ್ಞಾನ-ತಂತ್ರಜ್ಞಾನ ಸಹಕಾರದ ಒಪ್ಪಂದಕ್ಕೆ ಸಹಿ ಹಾಕಿದರು. ಪರಿಸರ, ಆರೋಗ್ಯ, ಭೂಕಂಪದ ಅಧ್ಯಯನ ಎಲ್ಲವೂ ಆ ಒಂದೇ ಪಾಯದ ಮೇಲೆ ಎದ್ದು ನಿಂತಿವೆ. ಪಾಯದ ಕಲ್ಲನ್ನೇ ಅಲುಗಾಡಿಸಿದರೆ ಮೇಲಿನ ಅಂತಸ್ತು ಅದುರದೇ ಇರುತ್ತದೆಯೇ?

ಒಂದು ವಿವರವನ್ನೂ ಸೇರಿಸುತ್ತೇನೆ. 2022ರ ಆಗಸ್ಟ್ 5ರಂದು ಚೀನಾ ನಿಲ್ಲಿಸಿದ್ದು ಹವಾಮಾನದ ಮಾತುಕತೆಯೊಂದನ್ನೇ ಅಲ್ಲ. ಒಟ್ಟು ಎಂಟು ವಿಷಯಗಳಿದ್ದವು. ಸೇನಾಧಿಕಾರಿಗಳ ಮೂರು ಮಾತುಕತೆಗಳು ರದ್ದಾದವು. ಅಕ್ರಮ ವಲಸಿಗರ ವಾಪಸಾತಿ, ಅಪರಾಧ ತನಿಖೆಯ ನೆರವು, ಗಡಿಯಾಚೆಯ ಅಪರಾಧಗಳ ತಡೆ, ಮಾದಕವಸ್ತು ನಿಯಂತ್ರಣ ಮತ್ತು ಹವಾಮಾನ, ಈ ಐದು ತಾತ್ಕಾಲಿಕವಾಗಿ ನಿಂತವು.

ಎರಡು ಸಾಲು
ಹಾಗಾದರೆ ಅಮೆರಿಕಕ್ಕೆ ಯಾವುದು ಬೇಕಾಗಿತ್ತೋ ಅದನ್ನೇ ಆರಿಸಿ ತಡೆಹಿಡಿದಿದ್ದಾರೆ. ಹವಾಮಾನದ ಸಹಕಾರವನ್ನು ಚೀನಾ ಅಮೆರಿಕಕ್ಕೆ ಮಾಡುವ ಉಪಕಾರವೆಂದು ಎಣಿಸಿತ್ತು ಎಂದಾಯಿತು.

ಸ್ಯಾನ್ ಹೋಸೆ ಕನ್ನಡತಿ
ಓಯಸಿಸ್ ಮತ್ತು ಮರುಭೂಮಿ ಎಂಬ ಹೋಲಿಕೆಯನ್ನೇ ನಾನು ಒಪ್ಪುವುದಿಲ್ಲ. ಹವಾಮಾನ ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ ಎಂದು ಅವು ಬೇರೆಬೇರೆಯಾಗಿ ಎಂದೂ ಇರಲೇ ಇಲ್ಲ. ನಮ್ಮ ಮನೆಯ ಚಾವಣಿಯ ಮೇಲೆ ಸೌರಫಲಕ ಹಾಕಿಸಲು ದರಪಟ್ಟಿ ತರಿಸಿಕೊಂಡಾಗ ಇದು ನನಗೆ ಮನದಟ್ಟಾಯಿತು. ಅಮೆರಿಕ 2012ರಲ್ಲಿ ಚೀನಾದ ಸೌರಕೋಶಗಳ ಮೇಲೆ ಆ್ಯಂಟಿ ಡಂಪಿಂಗ್ ಸುಂಕ, ಅಂದರೆ ತೀರಾ ಅಗ್ಗಕ್ಕೆ ತಂದು ಸುರಿಯುವುದನ್ನು ತಡೆಯುವ ಸುಂಕ ಹಾಕಿತು. 2018ರ ಜನವರಿಯಲ್ಲಿ ಆಮದು ಫಲಕಗಳ ಮೇಲೆ ಶೇ 30ರಷ್ಟು, ದೇಶೀಯ ಉದ್ಯಮ ಕಾಯುವ ರಕ್ಷಣಾ ಸುಂಕ ಬಂತು. 2022ರ ಜೂನ್‌ನಿಂದ ಷಿನ್‌ಜಿಯಾಂಗ್ ಎಂಬ ಚೀನಾದ ಪ್ರಾಂತ್ಯದಲ್ಲಿ ಬಲವಂತದ ದುಡಿಮೆಯಿಂದಾದ ಸರಕನ್ನು ತಡೆಯುವ ಕಾಯ್ದೆ ಜಾರಿಯಾಗಿ, ಅಲ್ಲಿನ ಸಿಲಿಕಾನ್ ಬಳಸಿದ ಫಲಕಗಳು ಬಂದರಿನಲ್ಲೇ ನಿಂತವು. ಆ ಕಾಯ್ದೆಯನ್ನು ನಾನು ಬೆಂಬಲಿಸುತ್ತೇನೆ. ಆದರೆ ಅದೂ ಫಲಕದ ಬೆಲೆಯನ್ನು ಏರಿಸಿತೆಂಬುದನ್ನು ಒಪ್ಪಿಕೊಳ್ಳಬೇಕು. 2024ರಲ್ಲಿ ಬೈಡನ್ ಸರ್ಕಾರ ಚೀನಾದ ಸೌರಕೋಶಗಳಿಗೆ ಶೇ 50, ವಿದ್ಯುತ್ ಕಾರುಗಳಿಗೆ ಶೇ 100 ಸುಂಕ ಘೋಷಿಸಿತು. ಕಾರ್ಖಾನೆಗಳು ಮಲೇಷ್ಯಾ, ವಿಯೆಟ್ನಾಂ, ಥಾಯ್ಲೆಂಡ್, ಕಾಂಬೋಡಿಯಕ್ಕೆ ಸ್ಥಳಾಂತರಗೊಂಡರೆ 2025ರಲ್ಲಿ ಸುಂಕವೂ ಅವುಗಳ ಬೆನ್ನುಹತ್ತಿ ಹೋಯಿತು. ಕಾಂಬೋಡಿಯದ ಕೆಲವು ಕಂಪನಿಗಳಿಗೆ ಅದು ಶೇ 3,521ರಷ್ಟಾಯಿತು.

ಈಗ ಹೇಳಿ, ಇದು ವ್ಯಾಪಾರವೋ ಹವಾಮಾನವೋ? ಹೊಗೆಯಿಲ್ಲದ ವಿದ್ಯುತ್ತು ಬೇಕು ಎನ್ನುವ ಸರ್ಕಾರವೇ ಆ ವಿದ್ಯುತ್ತಿನ ಉಪಕರಣವನ್ನು ದುಬಾರಿ ಮಾಡಿತು. ಜಗತ್ತಿನ ಸೌರಫಲಕ ತಯಾರಿಕೆಯ ಎಲ್ಲ ಹಂತಗಳಲ್ಲೂ ಚೀನಾದ ಪಾಲು ಶೇ 80ಕ್ಕಿಂತ ಹೆಚ್ಚಿರುವಾಗ ಈ ಗಂಟು ಸುಲಭಕ್ಕೆ ಬಿಚ್ಚುವುದಿಲ್ಲ.

ಪಾವಗಡದವನು
ಅಕ್ಕ ಹೇಳಿದ್ದಕ್ಕೆ ನಮ್ಮೂರಿನ ಸಾಕ್ಷಿ ಸೇರಿಸುತ್ತೇನೆ. ನಮ್ಮ ಮನೆಯ ಆರು ಎಕರೆ ಪಾವಗಡ ಸೌರ ಪಾರ್ಕಿಗೆ ಗುತ್ತಿಗೆಗೆ ಹೋಗಿದೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕು ಅದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭವಾಗಿ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಕರಾರಿದೆ. ಮಳೆ ನಂಬಿ ಶೇಂಗಾ ಬಿತ್ತಿ ಬೀಜದ ದುಡ್ಡೂ ಹುಟ್ಟದ ವರ್ಷಗಳನ್ನು ಕಂಡವರಿಗೆ ಅದು ಸಣ್ಣ ಮೊತ್ತವಲ್ಲ.

ಫಲಕ ಕೂರಿಸುವ ಸಮಯದಲ್ಲಿ ನಾನು ದಿನಗೂಲಿಗೆ ಹೋಗಿದ್ದೆ. ಫಲಕವನ್ನು ಮಗುಚಿ ಹಿಡಿದಾಗ ಹಿಂಬದಿಯ ಬಿಳಿ ಹಾಳೆಯ ಮೇಲೆ ಅಂಗೈ ಅಗಲದ ಚೀಟಿ ಅಂಟಿರುತ್ತಿತ್ತು. ವೋಲ್ಟು, ಆಂಪಿಯರ್, ತೂಕ, ಕೊನೆಯ ಸಾಲಿನಲ್ಲಿ ಚೀನಾದಲ್ಲಿ ತಯಾರಾದದ್ದು ಎಂದು. ನಾನು ಎತ್ತಿಕೊಟ್ಟ ಫಲಕಗಳಲ್ಲಿ ಬೇರೆ ದೇಶದ ಹೆಸರು ಕಂಡದ್ದು ಅಪರೂಪ. ಚೀನಾ ರಾಶಿಗಟ್ಟಲೆ ತಯಾರಿಸಿ ಬೆಲೆ ಇಳಿಸದೇ ಇದ್ದಿದ್ದರೆ 2018ರಲ್ಲಿ ಇಂಥ ಪಾರ್ಕು ನಮ್ಮ ಬರದ ತಾಲ್ಲೂಕಿಗೆ ಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ. ಅಮೆರಿಕ ಬಾಗಿಲು ಹಾಕಿಕೊಂಡಷ್ಟೂ ಆ ಸರಕು ಉಳಿದ ದೇಶಗಳಿಗೆ ಅಗ್ಗವಾಗಿ ಹರಿಯುತ್ತದೆ. ಅದಕ್ಕೇ ಅಲ್ಲವೇ ನಮ್ಮ ಸರ್ಕಾರವೂ 2022ರ ಏಪ್ರಿಲ್‌ನಲ್ಲಿ ಫಲಕಗಳಿಗೆ ಶೇ 40, ಕೋಶಗಳಿಗೆ ಶೇ 25 ಸುಂಕ ಹಾಕಿದ್ದು? ಅವರಿಬ್ಬರ ಪೈಪೋಟಿಯಿಂದ ಪರಿಸರಕ್ಕೆ ಕೆಡುಕೇ ಆಯಿತೆಂದು ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಶಿಂಷಾ
ಪಾವಗಡದವರೇ, ನಿಮ್ಮ ಮಾತು ನನ್ನ ಪಾಠದ ಟಿಪ್ಪಣಿಯಲ್ಲಿ ಇರಲೇ ಇಲ್ಲ. ತುಂಬಾ ಧನ್ಯವಾದ. ಆದರೆ ಅಗ್ಗವಾಗಿ ಹರಿದುಬರುವುದು ಒಳ್ಳೆಯ ಸರಕೇ ಆಗಿರಬೇಕೆಂದೇನಿಲ್ಲವಲ್ಲ?

ಕರಾವಳಿ ಕಂಟೈನರ್
ಮೇಡಂ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ನಾನು ಬಂದರಿನಲ್ಲಿ ಆಮದು-ರಫ್ತು ಕಾಗದಪತ್ರದ ಕೆಲಸ ಮಾಡಿಕೊಂಡು ಇಪ್ಪತ್ತು ವರ್ಷವಾಯಿತು. ಈ ಎರಡು ದೇಶಗಳ ನಡುವೆ ಕಸದ ವ್ಯಾಪಾರವೂ ಒಂದಿತ್ತು. ಅದರ ಬಗ್ಗೆ ಮಾತನಾಡುವವರು ಕಡಿಮೆ.

ಚೀನಾದಿಂದ ಸರಕು ತುಂಬಿಕೊಂಡು ಲಾಸ್ ಏಂಜಲಿಸ್, ಲಾಂಗ್ ಬೀಚ್ ಬಂದರುಗಳಿಗೆ ಹೋದ ಕಂಟೈನರುಗಳು ಖಾಲಿಯಾಗಿ ಹಿಂದಿರುಗಬೇಕಿತ್ತು. ಖಾಲಿ ತರುವುದಕ್ಕಿಂತ ಏನಾದರೂ ತುಂಬಿ ತರುವುದು ಲಾಭ. ಹಾಗಾಗಿ ಅಮೆರಿಕದ ಮನೆಗಳ ಹಳೆಯ ರಟ್ಟು, ಕಾಗದ, ಪ್ಲಾಸ್ಟಿಕ್ ಎಲ್ಲ ಬಹಳ ಕಡಿಮೆ ಬಾಡಿಗೆಗೆ ಚೀನಾ ಸೇರುತ್ತಿದ್ದವು. ಆ ರಟ್ಟನ್ನು ಅರೆದು ಮತ್ತೆ ರಟ್ಟಿನ ಪೆಟ್ಟಿಗೆ ಮಾಡಿ, ಅದರೊಳಗೆ ಹೊಸ ಸರಕು ತುಂಬಿ ಅಮೆರಿಕಕ್ಕೇ ಕಳುಹಿಸುತ್ತಿದ್ದರು. ನೈನ್ ಡ್ರ್ಯಾಗನ್ಸ್ ಎಂಬ ಕಾಗದದ ಕಂಪನಿ ಕಟ್ಟಿದ ಜಾಂಗ್ ಯಿನ್ ಎಂಬ ಮಹಿಳೆ ಈ ರದ್ದಿಯಿಂದಲೇ ಚೀನಾದ ಅತಿ ಶ್ರೀಮಂತರ ಸಾಲಿಗೆ ಸೇರಿದರು.

ವ್ಯಾಪಾರ ಯುದ್ಧ ಶುರುವಾದ ಮೇಲೆ ಚೀನಾ ಈ ಬಾಗಿಲು ಹಾಕಿತು. 24 ಬಗೆಯ ತ್ಯಾಜ್ಯಕ್ಕೆ ನಿಷೇಧ ಬಂತು; ಉಳಿದದ್ದರಲ್ಲಿ ಬೆರಕೆ ಶೇ 0.5 ಮೀರಬಾರದೆಂಬ ನಿಯಮ ಬಂತು. ಅಷ್ಟು ಶುದ್ಧವಾಗಿ ಕಸ ವಿಂಗಡಿಸುವ ಅಭ್ಯಾಸ ಅಮೆರಿಕದ ಊರುಗಳಿಗೆ ಇರಲಿಲ್ಲ. ಸರಕು ಮಲೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂ ಕಡೆಗೆ ತಿರುಗಿತು, ನಮ್ಮ ಕಡೆಗೂ ಬಂತು. ಆಗ ಒಂದು ಕಾಗದದ ಬೇಲನ್ನು ತಪಾಸಣೆಗೆಂದು ಬಿಚ್ಚಿಸಿದ್ದನ್ನು ನಾನು ಹತ್ತಿರ ನಿಂತು ನೋಡಿದ್ದೇನೆ. ತಂತಿ ಕತ್ತರಿಸುತ್ತಿದ್ದಂತೆ ಹೊರಬಿದ್ದದ್ದು ಒದ್ದೆಯಾಗಿ ಕಪ್ಪಗಾದ ರಟ್ಟು, ಅದರ ನಡುವೆ ಮಕ್ಕಳ ಡಯಾಪರ್, ಹಾಲಿನ ಕ್ಯಾನು, ಪ್ಲಾಸ್ಟಿಕ್ ಚೀಲ. ಹಮಾಲರು ಮೂಗಿಗೆ ಬಟ್ಟೆ ಕಟ್ಟಿಕೊಂಡರು. ಕಾಗದದಲ್ಲಿ ಮಾತ್ರ ಅದು ಅಚ್ಚುಕಟ್ಟಾದ ರದ್ದಿ ಕಾಗದವೇ ಆಗಿತ್ತು. ಭಾರತ 2019ರಲ್ಲಿ ಪ್ಲಾಸ್ಟಿಕ್ ತ್ಯಾಜ್ಯದ ಆಮದನ್ನು ನಿಷೇಧಿಸಿತು, ಒಳ್ಳೆಯದೇ ಆಯಿತು.

ಹಳೆಯ ಕಡತ
ಸ್ವಾಮಿ, ಒಂದು ತಿದ್ದುಪಡಿ. ತ್ಯಾಜ್ಯ ನಿಷೇಧದ ವಿಷಯವನ್ನು ಚೀನಾ ವಿಶ್ವ ವ್ಯಾಪಾರ ಸಂಸ್ಥೆಗೆ ತಿಳಿಸಿದ್ದು 2017ರ ಜುಲೈನಲ್ಲಿ. ಅದು ಜಾರಿಗೆ ಬಂದದ್ದು 2018ರ ಜನವರಿಯಿಂದ. ಟ್ರಂಪ್ ಸರ್ಕಾರ ಚೀನಾದ 3,400 ಕೋಟಿ ಡಾಲರ್ ಮೌಲ್ಯದ ಸರಕಿಗೆ ಶೇ 25 ಸುಂಕ ಹಾಕಿದ್ದು 2018ರ ಜುಲೈ 6ರಂದು. ಆದ್ದರಿಂದ ನಿಷೇಧ ಸುಂಕಕ್ಕೆ ಉತ್ತರವಾಗಿರಲಿಲ್ಲ. ಅವರ ಊರಿನ ನೀರು, ನೆಲ ಕೆಟ್ಟದ್ದಕ್ಕೆ ಅವರೇ ಮಾಡಿಕೊಂಡ ಉಪಾಯ ಅದು. ದಿನಾಂಕ ಹಿಂದುಮುಂದಾದರೆ ಕಾರಣವೂ ತಲೆಕೆಳಗಾಗುತ್ತದೆ.

ಕರಾವಳಿ ಕಂಟೈನರ್
ಒಪ್ಪಿದೆ ಸರ್, ದಿನಾಂಕ ನನ್ನದೇ ತಪ್ಪು. ಆದರೆ ಅಮೆರಿಕ ಅದನ್ನು ವ್ಯಾಪಾರದ ತಕರಾರೆಂದೇ ನೋಡಿ 2018ರಲ್ಲಿ ಅದೇ ಸಂಸ್ಥೆಯಲ್ಲಿ ಆಕ್ಷೇಪ ಎತ್ತಿದ್ದೂ ನಿಜ.

ನೇರ ಮಾತು
ಇಲ್ಲಿ ಎಲ್ಲರೂ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಕೂರಿಸುತ್ತಿರುವುದು ನನಗೆ ಸರಿಕಾಣುತ್ತಿಲ್ಲ. ಕೈಗಾರಿಕಾ ಯುಗ ಶುರುವಾದಂದಿನಿಂದ ವಾತಾವರಣ ಸೇರಿದ ಇಂಗಾಲದಲ್ಲಿ ಸುಮಾರು ಕಾಲು ಭಾಗ ಅಮೆರಿಕ ಒಂದರದ್ದೇ. ಇವತ್ತಿಗೂ ತಲಾವಾರು ಲೆಕ್ಕದಲ್ಲಿ ಒಬ್ಬ ಅಮೆರಿಕನ್ನನ ಪಾಲು ವರ್ಷಕ್ಕೆ ಸುಮಾರು 14 ಟನ್ ಇದ್ದರೆ ನಮ್ಮದು 2 ಟನ್. ಹೊರಸೂಸುವಿಕೆ ತಗ್ಗಿಸುವ ಪ್ಯಾರಿಸ್ ಒಪ್ಪಂದದಿಂದ ಹೊರಗೆ ಹೋಗುವುದಾಗಿ ಅಮೆರಿಕದವರು 2017ರ ಜೂನ್ 1ರಂದು ಸಾರಿದರು, 2020ರ ನವೆಂಬರ್ 4ರಂದು ಹೋದರು, 2021ರ ಫೆಬ್ರುವರಿಯಲ್ಲಿ ಮರಳಿದರು, 2025ರ ಜನವರಿ 20ರಂದು ಮತ್ತೆ ಹೊರಹೋಗುವ ಆದೇಶಕ್ಕೆ ಸಹಿಯಾಯಿತು. ನಾಲ್ಕು ವರ್ಷಕ್ಕೊಮ್ಮೆ ಮಾತು ಬದಲಿಸುವವರನ್ನು ನಂಬಿ ಯಾವ ದೇಶ ಮೂವತ್ತು ವರ್ಷದ ಯೋಜನೆ ಹಾಕಿಕೊಳ್ಳಬೇಕು? 2009ರ ಹವಾಮಾನ ಸಮ್ಮೇಳನದ ವೇಳೆ ಕೋಪನ್‌ಹೇಗನ್‌ನಲ್ಲಿ ಚೀನಾ, ಬ್ರೆಜಿಲ್, ದಕ್ಷಿಣ ಆಫ್ರಿಕಾದ ಜೊತೆ ಮನಮೋಹನ್ ಸಿಂಗ್ ಅವರೂ ಕುಳಿತಿದ್ದ ಕೋಣೆಗೆ ಒಬಾಮಾ ತಾವಾಗಿಯೇ ನಡೆದು ಬರಬೇಕಾಯಿತು ಎಂಬುದನ್ನೂ ಮರೆಯಬೇಡಿ.

ಸ್ಯಾನ್ ಹೋಸೆ ಕನ್ನಡತಿ
ಚಾರಿತ್ರಿಕ ಹೊಣೆಯ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅದೇ ತಕ್ಕಡಿಯಲ್ಲಿ ಇಂದಿನ ಲೆಕ್ಕವನ್ನೂ ಇಡಿ. ವಾರ್ಷಿಕ ಹೊರಸೂಸುವಿಕೆಯಲ್ಲಿ ಚೀನಾ ಅಮೆರಿಕವನ್ನು ದಾಟಿದ್ದು 2006ರ ಸುಮಾರಿಗೆ. ಈಗ ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಅದರದ್ದು. ಜಗತ್ತು ಉರಿಸುವ ಕಲ್ಲಿದ್ದಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಉರಿಯುತ್ತದೆ. ತಲಾವಾರು ಲೆಕ್ಕದಲ್ಲೂ ಅದು ಯುರೋಪ್ ಒಕ್ಕೂಟವನ್ನು ಮೀರಿದೆ. ಬಡ ದೇಶಗಳ ಸಾಲಿನಲ್ಲಿ ನಿಂತು ಮಾತನಾಡುವ ಚೀನಾವನ್ನು ನೀವು ಇನ್ನೂ 2009ರ ಕಣ್ಣಿನಿಂದಲೇ ನೋಡುತ್ತಿದ್ದೀರಿ.

ನೇರ ಮಾತು
ಆ ಕಲ್ಲಿದ್ದಲಿನ ಒಂದು ಪಾಲು ನಿಮ್ಮ ಅಂಗಡಿಗಳಿಗೆ ಬರುವ ಸರಕಿಗಾಗಿ ಉರಿಯುತ್ತದೆ ಅಕ್ಕ. ಆ ಹೊಗೆಯನ್ನು ಯಾರ ಲೆಕ್ಕಕ್ಕೆ ಬರೆಯುತ್ತೀರಿ?

ಬೀಜಿಂಗ್ ಚಳಿ
ಲೆಕ್ಕದ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ನಾನು 2011ರಿಂದ 2014ರವರೆಗೆ ಸಾಫ್ಟ್‌ವೇರ್ ಕೆಲಸದ ಮೇಲೆ ಬೀಜಿಂಗ್‌ನಲ್ಲಿದ್ದೆ. ಅಮೆರಿಕದ ರಾಯಭಾರ ಕಚೇರಿ 2008ರಲ್ಲಿ ತನ್ನ ಕಟ್ಟಡದ ಮೇಲೆ ಗಾಳಿಯ ಗುಣಮಟ್ಟ ಅಳೆಯುವ ಉಪಕರಣವೊಂದನ್ನು ಇಟ್ಟು, ಗಂಟೆಗೊಮ್ಮೆ ಪಿಎಂ 2.5 ಎಂಬ ಸೂಕ್ಷ್ಮ ಕಣಗಳ ಪ್ರಮಾಣವನ್ನು ಟ್ವಿಟರ್‌ನಲ್ಲಿ ಹಾಕುತ್ತಿತ್ತು. ನಗರಾಡಳಿತ ಆಗ ದೊಡ್ಡ ಕಣಗಳ ಲೆಕ್ಕವನ್ನಷ್ಟೇ ಕೊಡುತ್ತಿತ್ತು. ನಮ್ಮ ಕಚೇರಿಯಲ್ಲಿ ಬೆಳಿಗ್ಗೆ ಬಂದವರೆಲ್ಲ ಮೊದಲು ಎರಡೂ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಿದ್ದರು. ಒಂದು ಕಡೆ ಲಘು ಮಾಲಿನ್ಯ ಎಂದಿರುತ್ತಿತ್ತು, ಇನ್ನೊಂದು ಕಡೆ ಅಪಾಯಕಾರಿ ಎಂದಿರುತ್ತಿತ್ತು. ಕಿಟಕಿಯಾಚೆ ನಾಲ್ಕನೆಯ ಕಟ್ಟಡ ಕಾಣದಿದ್ದ ದಿನ ಯಾವ ಅಂಕಿ ನಿಜವೆಂದು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

2012ರ ಜೂನ್‌ನಲ್ಲಿ ಚೀನಾದ ಪರಿಸರ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು ವಿದೇಶಿ ರಾಯಭಾರ ಕಚೇರಿಗಳು ಇಂಥ ಅಂಕಿ ಪ್ರಕಟಿಸುವುದನ್ನು ನಿಲ್ಲಿಸಬೇಕೆಂದು ಬಹಿರಂಗವಾಗಿಯೇ ಹೇಳಿದರು. ಅಮೆರಿಕ ನಿಲ್ಲಿಸಲಿಲ್ಲ. 2013ರ ಜನವರಿ 12ರಂದು ಐನೂರಕ್ಕೆ ಮುಗಿಯಬೇಕಾದ ಸೂಚ್ಯಂಕ 755 ತೋರಿಸಿತು. ಅಂದು ಸಂಜೆ ನನ್ನ ಎರಡು ವರ್ಷದ ಮಗಳ ತಲೆದಿಂಬಿನ ಮೇಲೆ ಬೂದು ಬಣ್ಣದ ಧೂಳು ಕುಳಿತಿತ್ತು. ಕಿಟಕಿಯ ಸಂದಿಗೆಲ್ಲ ಟೇಪು ಹಚ್ಚಿದ್ದೆವು. ಅದೇ ವರ್ಷ ಚೀನಾ ಗಾಳಿ ಶುದ್ಧಿಯ ರಾಷ್ಟ್ರೀಯ ಕಾರ್ಯಯೋಜನೆ ತಂದಿತು, ಊರೂರಿನಲ್ಲಿ ಮಾಪಕಗಳನ್ನಿಟ್ಟು ಅಂಕಿಗಳನ್ನು ಜನರ ಮುಂದಿಟ್ಟಿತು. ಬೀಜಿಂಗ್‌ನಲ್ಲಿ 2013ರಲ್ಲಿ ಘನ ಮೀಟರಿಗೆ 89.5 ಮೈಕ್ರೋಗ್ರಾಂ ಇದ್ದ ಪಿಎಂ 2.5ರ ವಾರ್ಷಿಕ ಸರಾಸರಿ 2024ಕ್ಕೆ 30.5ಕ್ಕೆ ಇಳಿಯಿತು. ದುಡಿದವರು ಚೀನಾದವರೇ, ಆ ಕೀರ್ತಿ ಅವರದ್ದೇ. ಆದರೆ ಎದುರಾಳಿಯ ಕಟ್ಟಡದ ಮೇಲಿದ್ದ ಆ ಒಂದು ಪೆಟ್ಟಿಗೆಯೂ ಅದರಲ್ಲಿ ಕೆಲಸ ಮಾಡಿತೆಂದು ಅಲ್ಲಿದ್ದ ನಾನು ಹೇಳಬಲ್ಲೆ.

2025ರ ಮಾರ್ಚ್‌ನಲ್ಲಿ ಅಮೆರಿಕವೇ ಹಣದ ಕಾರಣ ಕೊಟ್ಟು ತನ್ನ ಎಲ್ಲ ರಾಯಭಾರ ಕಚೇರಿಗಳ ಗಾಳಿಯ ಅಂಕಿಗಳನ್ನು ಹಂಚಿಕೊಳ್ಳುವುದನ್ನು ನಿಲ್ಲಿಸಿತು. ದೆಹಲಿ, ಚೆನ್ನೈ, ಹೈದರಾಬಾದಿನ ಅಂಕಿಗಳೂ ಅದರೊಂದಿಗೇ ನಿಂತವು. ಚೀನಾ ಬೇಡಿದಾಗ ಕೊಡದಿದ್ದದ್ದನ್ನು ತಾವಾಗಿಯೇ ಕೊಟ್ಟುಬಿಟ್ಟರು. ಸುಂಕದ ಸುದ್ದಿಗಿಂತ ನನಗೆ ಇದೇ ಹೆಚ್ಚು ನೋವು ತಂದಿತು.

ಎರಡು ಸಾಲು
ಹೆಣ್ಣುಮಗಳ ಆರೋಗ್ಯ ಈಗ ಹೇಗಿದೆ ಅಣ್ಣ?

ಬೀಜಿಂಗ್ ಚಳಿ
ಮೈಸೂರಿಗೆ ಬಂದ ಮೇಲೆ ಕೆಮ್ಮು ನಿಂತಿತು. ಈಗ ಪಿಯುಸಿಗೆ ಹೋಗುವ ವಯಸ್ಸು. ಕೇಳಿದ್ದಕ್ಕೆ ಸಂತೋಷ.

ಬೀದರ್ ಸೋಯಾ
ನಮ್ಮ ಜಿಲ್ಲೆಯಲ್ಲಿ ಮುಂಗಾರಿಗೆ ಸೋಯಾ ದೊಡ್ಡ ಬೆಳೆ. ಅಡತಿ ಅಂಗಡಿಯಲ್ಲಿ ರಾಶಿ ಸುರಿದು ಕುಳಿತ ರೈತನಿಗೆ ಅಮೆರಿಕದ ಅಯೊವ ರಾಜ್ಯ ಎಲ್ಲಿದೆಯೆಂದು ಗೊತ್ತಿಲ್ಲದಿರಬಹುದು, ಆದರೆ ಅಂಗಡಿಯ ಮಾಲೀಕರ ಮೊಬೈಲಿನಲ್ಲಿ ಷಿಕಾಗೊ ಪೇಟೆಯ ಧಾರಣೆ ಇರುತ್ತದೆ.

ಚೀನಾ ಸೋಯಾ ತರಿಸುವುದು ಎಣ್ಣೆಗೆ ಮತ್ತು ಮುಖ್ಯವಾಗಿ ಹಂದಿ-ಕೋಳಿಗಳ ಹಿಂಡಿಗೆ. 2017ರಲ್ಲಿ ಅಮೆರಿಕದಿಂದ ಸುಮಾರು 330 ಲಕ್ಷ ಟನ್ ತರಿಸಿತ್ತು. 2018ರ ಜುಲೈನಲ್ಲಿ ಸುಂಕಕ್ಕೆ ಪ್ರತಿಸುಂಕವಾಗಿ ಶೇ 25 ಹಾಕಿದಾಗ ಆ ವರ್ಷದ ಖರೀದಿ ಅರ್ಧಕ್ಕೆ ಬಿತ್ತು. ಖರೀದಿ ಬ್ರೆಜಿಲ್ಲಿಗೆ ತಿರುಗಿತು. ಬ್ರೆಜಿಲ್ಲಿನಲ್ಲಿ ಸೋಯಾ ಹಬ್ಬಿದ್ದು ಸೆರಾಡೊ ಎಂಬ ಹುಲ್ಲುಗಾವಲು-ಕುರುಚಲು ಕಾಡಿನ ನೆಲಕ್ಕೆ. ಅದು ನದಿಗಳ ತಲೆಮೂಲ, ಆಳಕ್ಕೆ ಬೇರಿಳಿಸಿದ ಗಿಡಮರಗಳ ಸೀಮೆ. ವಾಷಿಂಗ್ಟನ್‌ನಲ್ಲಿ ಬರೆದ ಸುಂಕದ ಆದೇಶ, ಬೀಜಿಂಗ್‌ನಲ್ಲಿ ಬರೆದ ಅದರ ಉತ್ತರ, ಎರಡರಲ್ಲೂ ಕಾಡಿನ ಹೆಸರೇ ಇರಲಿಲ್ಲ. ಬೆಲೆ ತೆತ್ತದ್ದು ಮಾತ್ರ ಆ ನೆಲ. ಎರಡು ಕೋಣಗಳ ಕಾದಾಟದಲ್ಲಿ ಗಿಡಕ್ಕೆ ಸಾವು ಎಂಬ ನಮ್ಮ ಹಳೆಯ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

2025ರಲ್ಲೂ ಅದೇ ಕಥೆ. ಏಪ್ರಿಲ್‌ನಲ್ಲಿ ಅಮೆರಿಕದ ಸುಂಕ ಶೇ 145, ಚೀನಾದ್ದು ಶೇ 125 ಮುಟ್ಟಿತು. ಮೇ ತಿಂಗಳಲ್ಲಿ ಜಿನೀವಾದಲ್ಲಿ ಇಳಿಸಿಕೊಂಡರೂ ಹೊಸ ಫಸಲಿನ ಸೋಯಾವನ್ನು ಚೀನಾ ಕೊಳ್ಳಲಿಲ್ಲ. ಅಕ್ಟೋಬರ್ 30ರಂದು ಬುಸಾನ್‌ನಲ್ಲಿ ಟ್ರಂಪ್ ಮತ್ತು ಷಿ ಜಿನ್‌ಪಿಂಗ್ ಭೇಟಿಯಾದ ಮೇಲೆ, ವರ್ಷದ ಕೊನೆಗೆ 120 ಲಕ್ಷ ಟನ್, ಆಮೇಲೆ ಮೂರು ವರ್ಷ ತಲಾ 250 ಲಕ್ಷ ಟನ್ ಎಂಬ ಮಾತಾಯಿತು. 2017ರ ಅಂಕಿಯ ಪಕ್ಕದಲ್ಲಿಟ್ಟು ನೋಡಿ, ಅಮೆರಿಕದ ರೈತ ಎಷ್ಟು ಕಳೆದುಕೊಂಡನೆಂದು ತಿಳಿಯುತ್ತದೆ.

ಹಳೆಯ ಕಡತ
2018ರ ಕುಸಿತವನ್ನು ಸುಂಕದ ತಲೆಗೇ ಪೂರ್ತಿ ಕಟ್ಟಬೇಡಿ. ಅದೇ ವರ್ಷದ ಆಗಸ್ಟ್‌ನಲ್ಲಿ ಚೀನಾದಲ್ಲಿ ಆಫ್ರಿಕನ್ ಹಂದಿ ಜ್ವರ ಕಾಣಿಸಿಕೊಂಡು ಹಂದಿಗಳು ಅಪಾರ ಸಂಖ್ಯೆಯಲ್ಲಿ ಸತ್ತವು. ಹಿಂಡಿಯ ಬೇಡಿಕೆಯೇ ಕುಗ್ಗಿತು.

ಬೀದರ್ ಸೋಯಾ
ಹಂದಿ ಜ್ವರ ನನಗೂ ಗೊತ್ತು ಸಾಹೇಬರೇ. ಆದರೆ ಜ್ವರವೇ ಕಾರಣವಾಗಿದ್ದರೆ ಬ್ರೆಜಿಲ್ಲಿನ ಖರೀದಿಯೂ ಇಳಿಯಬೇಕಿತ್ತು. 2018ರಲ್ಲಿ ಅದು ಏರಿತು.

ಮೋಟಾರು ಮೇಸ್ತ್ರಿ
ಪೀಣ್ಯದಲ್ಲಿ ವಿದ್ಯುತ್ ಸ್ಕೂಟರುಗಳ ಮೋಟಾರಿನ ಭಾಗಗಳನ್ನು ಮಾಡುವ ಸಣ್ಣ ಘಟಕವೊಂದರಲ್ಲಿ ನಾನು ಕೆಲಸ ಮಾಡುತ್ತೇನೆ. 2025ರ ಏಪ್ರಿಲ್ 4ರಂದು ಚೀನಾ ಏಳು ವಿರಳ ಭೂಧಾತುಗಳ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿತು. ಡಿಸ್ಪ್ರೋಸಿಯಂ, ಟರ್ಬಿಯಂ ಅದರಲ್ಲಿ ಸೇರಿದ್ದವು. ಮೋಟಾರು ಕಾದಾಗಲೂ ಅಯಸ್ಕಾಂತದ ಬಲ ಕುಂದದಂತೆ ಕಾಯುವುದು ಇವೇ. ಏಟು ಬಿದ್ದದ್ದು ಅಮೆರಿಕದ ಸುಂಕಕ್ಕೆ ಉತ್ತರವಾಗಿ, ತಗುಲಿದ್ದು ನಮಗೂ. ನಮಗೆ ಅಯಸ್ಕಾಂತ ಕೊಡುತ್ತಿದ್ದ ವ್ಯಾಪಾರಿ ಒಂದು ಕಂತೆ ಕಾಗದ ಕಳುಹಿಸಿದ: ಯಾವ ವಾಹನಕ್ಕೆ ಹಾಕುತ್ತೀರಿ, ಸೇನೆಗೆ ಹೋಗುವುದಿಲ್ಲವೆಂದು ಬರೆದುಕೊಡಿ, ಮುದ್ರೆ ಹಾಕಿಸಿ, ಮತ್ತೊಮ್ಮೆ ಹಾಕಿಸಿ. ಆ ಬೇಸಿಗೆಯಲ್ಲಿ ಸುರುಳಿ ಸುತ್ತಿದ ಸ್ಟೇಟರುಗಳು, ಅಂದರೆ ಮೋಟಾರಿನ ತಿರುಗದ ಭಾಗಗಳು, ಕಪಾಟಿನಲ್ಲಿ ಸಾಲಾಗಿ ಕುಳಿತಿದ್ದವು, ಒಳಗೆ ಕೂರಿಸಲು ಅಯಸ್ಕಾಂತವಿರಲಿಲ್ಲ. ಹನ್ನೊಂದು ಜನರಿಗೆ ವಾರದಲ್ಲಿ ಮೂರು ದಿನ ಮಾತ್ರ ಕೆಲಸ ಸಿಕ್ಕಿತು.

ಆಗ ಕುಳಿತು ಓದಿದ್ದರಿಂದ ತಿಳಿದದ್ದು ಇದು. ಒಂದು ಕಾಲದಲ್ಲಿ ಜಗತ್ತಿಗೆ ವಿರಳ ಭೂಧಾತು ಕೊಡುತ್ತಿದ್ದದ್ದು ಕ್ಯಾಲಿಫೋರ್ನಿಯದ ಮೌಂಟನ್ ಪಾಸ್ ಗಣಿ. ಅಲ್ಲಿ ಕೊಳವೆಗಳಿಂದ ಕಲುಷಿತ ನೀರು ಮರುಭೂಮಿಗೆ ಸೋರಿ ಗಲಾಟೆಯಾಯಿತು, ಇತ್ತ ಚೀನಾದ ಅಗ್ಗದ ಸರಕು ಬಂತು, 2002ರಲ್ಲಿ ಗಣಿ ನಿಂತಿತು. ಕೆಲಸ ಚೀನಾದ ಒಳ ಮಂಗೋಲಿಯದ ಬಯಾನ್ ಓಬೊಗೆ, ಬಾವೊಟೌ ಪಟ್ಟಣಕ್ಕೆ ಹೋಯಿತು. ಆಮ್ಲ, ಕೆಸರು, ಥೋರಿಯಂ ಬೆರೆತ ಗಣಿತ್ಯಾಜ್ಯದ ದೊಡ್ಡ ಕೆರೆ ಆ ಪಟ್ಟಣದ ಪಕ್ಕದಲ್ಲಿ ಬೆಳೆಯಿತು. ಸೋರಿಕೆಯ ಖರ್ಚನ್ನು ಅಮೆರಿಕ ತನ್ನ ಲೆಕ್ಕದಿಂದ ತೆಗೆದುಹಾಕಿತು, ಚೀನಾ ತನ್ನ ರೈತರ ನೀರನ್ನು ಕೊಟ್ಟು ಅದನ್ನು ಹೊತ್ತುಕೊಂಡಿತು. ಇಂದು ಚೀನಾದ ಕೈಯಲ್ಲಿರುವ ಅಸ್ತ್ರ ಆ ಕೆಸರಿನಿಂದಲೇ ಹುಟ್ಟಿದ್ದು. ನೇರ ಮಾತಿನವರು ಹೊಗೆ ಯಾರ ಲೆಕ್ಕಕ್ಕೆ ಎಂದು ಕೇಳಿದರಲ್ಲ, ಕೆಸರಿನದ್ದೂ ಅದೇ ಪ್ರಶ್ನೆ.

ಹಳೆಯ ಕಡತ
ಮೇಸ್ತ್ರಿಗಳೇ, ಬಹಳ ಒಳ್ಳೆಯ ಬರಹ. ಇದಕ್ಕೊಂದು ಕಾನೂನಿನ ಕಂತೂ ಇದೆ. ಚೀನಾ ಈ ಧಾತುಗಳ ರಫ್ತಿಗೆ ಮಿತಿ ಹಾಕಿದ್ದನ್ನು ಪ್ರಶ್ನಿಸಿ 2012ರಲ್ಲಿ ಅಮೆರಿಕ, ಯುರೋಪ್ ಒಕ್ಕೂಟ ಮತ್ತು ಜಪಾನ್ ವಿಶ್ವ ವ್ಯಾಪಾರ ಸಂಸ್ಥೆಗೆ ಹೋದವು. ನಮ್ಮ ಪರಿಸರ ಮತ್ತು ಸಂಪನ್ಮೂಲ ಉಳಿಸಿಕೊಳ್ಳಲು ಹೀಗೆ ಮಾಡಿದ್ದೇವೆ ಎಂಬುದೇ ಚೀನಾದ ವಾದವಾಗಿತ್ತು. 2014ರಲ್ಲಿ ಆ ವಾದ ಬಿದ್ದುಹೋಯಿತು. ಪರಿಸರದ ಕಾಳಜಿಯಿದ್ದರೆ ಮನೆಯವರಿಗೂ ಹೊರಗಿನವರಿಗೂ ಒಂದೇ ಮಿತಿ ಇರಬೇಕು, ಹೊರಗಿನವರಿಗೆ ಮಾತ್ರ ಕಡಿತ ಹೇಗೆ ಎಂಬುದು ತೀರ್ಪಿನ ತಿರುಳು. 2015ರಲ್ಲಿ ಚೀನಾ ಆ ಮಿತಿ ತೆಗೆಯಿತು. ಹತ್ತು ವರ್ಷಗಳ ಮೇಲೆ ರಾಷ್ಟ್ರೀಯ ಭದ್ರತೆಯ ಹೆಸರಿನಲ್ಲಿ ಪರವಾನಗಿಯನ್ನು ತಂದಿತು. ಅಮೆರಿಕ 2022ರ ಅಕ್ಟೋಬರ್‌ನಲ್ಲಿ ಕಂಪ್ಯೂಟರ್ ಚಿಪ್‌ಗಳ ರಫ್ತಿಗೆ ಹಾಕಿದ ತಡೆಗೂ ಅದೇ ಹೆಸರಿತ್ತು.

ಎರಡು ಸಾಲು
ಎಲ್ಲರೂ ಕೆಟ್ಟದ್ದನ್ನೇ ಬರೆದಿರಿ. ಇವರಿಬ್ಬರೂ ಸೇರಿ ಮಾಡಿ, ಜಗಳದ ನಡುವೆಯೂ ಉಳಿದ ಪರಿಸರದ ಕೆಲಸ ಒಂದಾದರೂ ಇದೆಯೇ?

ಬೀಜಿಂಗ್ ಚಳಿ
ಇದೆ, ಮತ್ತು ಮೇಡಂ ಅವರ ವಿದ್ಯಾರ್ಥಿನಿಗೆ ಉತ್ತರವೂ ಅಲ್ಲೇ ಸಿಗಬಹುದು.

ಫ್ರಿಜ್ಜು, ಹವಾನಿಯಂತ್ರಕಗಳಲ್ಲಿ ಬಳಸುವ ಎಚ್ಎಫ್‌ಸಿ ಅನಿಲಗಳು ಇಂಗಾಲದ ಡೈಆಕ್ಸೈಡಿಗಿಂತ ಎಷ್ಟೋ ಪಟ್ಟು ಹೆಚ್ಚು ಶಾಖ ಹಿಡಿಯುತ್ತವೆ. ಇವನ್ನು ತಗ್ಗಿಸಲು ಒಬಾಮಾ ಮತ್ತು ಷಿ 2013ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯದ ಸನ್ನಿಲ್ಯಾಂಡ್ಸ್‌ನಲ್ಲಿ ಒಪ್ಪಿಕೊಂಡರು. ಆದರೆ ಅಲ್ಲಿಗೇ ಬಿಡಲಿಲ್ಲ; 2016ರ ಅಕ್ಟೋಬರ್‌ನಲ್ಲಿ ರುವಾಂಡದ ಕಿಗಾಲಿಯಲ್ಲಿ ಎಲ್ಲ ದೇಶಗಳೂ ಸೇರಿ ಅದನ್ನು ಓಜೋನ್ ಪದರ ಕಾಯುವ ಮಾಂಟ್ರಿಯಲ್ ಒಪ್ಪಂದದ ತಿದ್ದುಪಡಿಯನ್ನಾಗಿ ಮಾಡಿದವು, ಭಾರತವೂ ಇತ್ತು. ಚೀನಾ 2021ರಲ್ಲಿ ಅನುಮೋದಿಸಿತು. ಅಮೆರಿಕದ ಸೆನೆಟ್ ಅನುಮೋದಿಸಿದ್ದು ಯಾವಾಗ ಗೊತ್ತೇ? 2022ರ ಸೆಪ್ಟೆಂಬರ್‌ನಲ್ಲಿ, 69–27 ಮತಗಳಿಂದ. ಅಂದರೆ ಪೆಲೋಸಿ ಭೇಟಿಯ ಸಿಟ್ಟಿಗೆ ಚೀನಾ ಹವಾಮಾನದ ಮಾತು ಬಿಟ್ಟು ಒಂದೂವರೆ ತಿಂಗಳಷ್ಟೇ ಆಗಿತ್ತು.

ಇನ್ನೊಂದು. ಓಜೋನ್ ಪದರ ಕೆಡಿಸುತ್ತದೆಂದು ಅದೇ ಒಪ್ಪಂದದಡಿ ನಿಷೇಧವಾಗಿದ್ದ ಸಿಎಫ್‌ಸಿ-11 ಅನಿಲ ವಾತಾವರಣದಲ್ಲಿ ಇಳಿಯಬೇಕಾದಷ್ಟು ವೇಗದಲ್ಲಿ ಇಳಿಯುತ್ತಿಲ್ಲವೆಂದು ಅಮೆರಿಕದ ವಿಜ್ಞಾನಿಗಳು 2018ರಲ್ಲಿ ತೋರಿಸಿದರು. ಕೊರಿಯಾ ಮತ್ತು ಜಪಾನಿನ ದ್ವೀಪಗಳಲ್ಲಿದ್ದ ಮಾಪಕಗಳು ಅದರ ಮೂಲ ಪೂರ್ವ ಚೀನಾದಲ್ಲಿದೆಯೆಂದು 2019ರಲ್ಲಿ ಹೇಳಿದವು. ಫೋಮು ಉಬ್ಬಿಸಲು ಯಾರೋ ಕದ್ದು ಬಳಸುತ್ತಿದ್ದರು. ಅದು ವ್ಯಾಪಾರ ಯುದ್ಧದ ಕಾವಿನ ಕಾಲ. ಆದರೂ ಸುಂಕ ಹಾಕದೆ, ಸಭೆ ಬಹಿಷ್ಕರಿಸದೆ ಕೆಲಸವಾಯಿತು. ಚೀನಾ ತಪಾಸಣೆ ಬಿಗಿ ಮಾಡಿತು, ಅನಿಲ ಮತ್ತೆ ಇಳಿಯಿತು.

ಇಬ್ಬರೇ ಕುಳಿತು ಬರೆದ ಘೋಷಣೆಯನ್ನು ಇಬ್ಬರಲ್ಲಿ ಒಬ್ಬ ಮುನಿಸಿಕೊಂಡ ದಿನವೇ ಮಡಚಿಡಬಹುದು. ಎಲ್ಲರ ಸಹಿಯಿರುವ, ಅಳತೆಯ ಉಪಕರಣವಿರುವ ಒಪ್ಪಂದವನ್ನು ಹಾಗೆ ಮಡಚಲು ಬರುವುದಿಲ್ಲ.

ನೇರ ಮಾತು
ಪ್ಯಾರಿಸ್ ಒಪ್ಪಂದಕ್ಕೂ ಎಲ್ಲರ ಸಹಿ ಇತ್ತಲ್ಲ? 2016ರ ಸೆಪ್ಟೆಂಬರ್ 3ರಂದು ಹಾಂಗ್‌ಝೌನಲ್ಲಿ ಒಬಾಮಾ, ಷಿ ಇಬ್ಬರೂ ಒಟ್ಟಿಗೆ ಅನುಮೋದನೆ ಪತ್ರ ಕೊಟ್ಟ ಚಿತ್ರ ಎಲ್ಲರಿಗೂ ನೆನಪಿರಬೇಕು. ಉಳಿಯಿತೇ?

ಬೀಜಿಂಗ್ ಚಳಿ
ಒಳ್ಳೆಯ ಆಕ್ಷೇಪ. ವ್ಯತ್ಯಾಸ ಇಲ್ಲಿದೆ: ಕಿಗಾಲಿಗೆ ಸೆನೆಟ್ಟಿನ ಮತವಿತ್ತು, ಪ್ಯಾರಿಸ್ಸಿಗೆ ಅಧ್ಯಕ್ಷರ ಸಹಿ ಮಾತ್ರ ಇತ್ತು, ಒಬ್ಬರ ಸಹಿಯನ್ನು ಮುಂದಿನವರು ಅಳಿಸಿದರು. ಇಷ್ಟಾದರೂ ಚೀನಾ ಹೊರಗೆ ಹೋಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ, 2035ರ ಹೊತ್ತಿಗೆ ಹೊರಸೂಸುವಿಕೆಯನ್ನು ಅದರ ಶಿಖರಮಟ್ಟದಿಂದ ಶೇ 7ರಿಂದ 10ರಷ್ಟು ಇಳಿಸುವುದಾಗಿ ಷಿ ಹೇಳಿದರು. ಗುರಿ ಸಾಲದು ಎಂಬುದು ನನ್ನ ಅಭಿಪ್ರಾಯ, ಆದರೆ ಒಂದು ಅಂಕಿಯಾದರೂ ಮೇಜಿನ ಮೇಲಿದೆ.

ಸ್ಯಾನ್ ಹೋಸೆ ಕನ್ನಡತಿ
ಇದನ್ನು ಒಪ್ಪುತ್ತೇನೆ. ಮನುಷ್ಯರನ್ನೂ ಮರೆಯಬೇಡಿ. ಕೆರಿ ಮತ್ತು ಚೀನಾದ ಹವಾಮಾನ ಪ್ರತಿನಿಧಿ ಷಿಯೆ ಝೆನ್‌ಹುವಾ ಅವರದ್ದು ಬಹಳ ವರ್ಷಗಳ ಪರಿಚಯ; 2023ರ ನವೆಂಬರ್‌ನ ಸನ್ನಿಲ್ಯಾಂಡ್ಸ್ ಹವಾಮಾನ ಹೇಳಿಕೆ ಅವರಿಬ್ಬರ ಕೆಲಸ. ಮರುವರ್ಷ ಇಬ್ಬರೂ ಆ ಹುದ್ದೆಗಳಲ್ಲಿ ಇರಲಿಲ್ಲ.

ಶಿಂಷಾ
ಎಲ್ಲರಿಗೂ ಕೃತಜ್ಞತೆ. ಇಂದು ತರಗತಿಯಲ್ಲಿ ಕಿಗಾಲಿ ತಿದ್ದುಪಡಿಗೆ ಸೆನೆಟ್ ಮತ ಹಾಕಿದ ದಿನಾಂಕವನ್ನು ಬೋರ್ಡಿನ ಮೇಲೆ 2022ರ ಆಗಸ್ಟ್ 5ರ ಪಕ್ಕದಲ್ಲೇ ಬರೆದು ತೋರಿಸಿದೆ. ಆ ಹುಡುಗಿ ಬಹಳ ಹೊತ್ತು ನೋಡಿ, "ಹಾಗಾದರೆ ಚೀಟಿ ಅಂಟಿದ ಫಲಕವನ್ನು ನಾವು ನೋಡಬಹುದೇ?" ಎಂದಳು, ಪಾವಗಡದವರು ಬರೆದದ್ದನ್ನು ಓದಿ ಹೇಳಿದ್ದೆ. ನಲವತ್ತೆರಡು ಮಕ್ಕಳಿದ್ದಾರೆ. ಪಾರ್ಕಿನ ಒಳಗೆ ಬಿಡುತ್ತಾರೆಯೇ?

ಪಾವಗಡದವನು
ಕಾಲೇಜಿನ ಪತ್ರವಿದ್ದರೆ ಮೊದಲೇ ಅನುಮತಿ ಕೇಳಿನೋಡಬಹುದು ಮೇಡಂ, ನಾನೂ ವಿಚಾರಿಸುತ್ತೇನೆ. ಅನುಮತಿ ಸಿಗದಿದ್ದರೂ ತಿರುಮಣಿಗೆ ಹೋಗುವ ರಸ್ತೆಯಲ್ಲೇ ಬೇಲಿಯ ಪಕ್ಕ ನಿಂತರೆ ಫಲಕಗಳ ಸಾಲು ಕಾಣುತ್ತದೆ. ಒಡೆದುಹೋಗಿದ್ದ ಒಂದು ಫಲಕವನ್ನು ನಮ್ಮ ಮನೆಯ ದನದ ಕೊಟ್ಟಿಗೆಗೆ ಮರೆಯಾಗಿ ನಿಲ್ಲಿಸಿದ್ದೇವೆ. ಹಿಂಬದಿಯ ಚೀಟಿ ಇನ್ನೂ ಹಾಗೇ ಇದೆ, ಓದಬಹುದು. ಬೆಳಿಗ್ಗೆ ಹತ್ತರೊಳಗೆ ಬನ್ನಿ, ಆಮೇಲೆ ಬಿಸಿಲಿಗೆ ನಿಲ್ಲಲು ಆಗುವುದಿಲ್ಲ.